ಕರಾವಳಿಯ ಕ್ರೈಸ್ತ ಸಭೆಗಳು ಒಟ್ಟಾಗಿ ಪ್ರಾರ್ಥಿಸಲಿ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕ್ರೈಸ್ತರು ಒಂದೇ ಪೇಟೆಯಲ್ಲಿ ವ್ಯಾಪಾರ ಮಾಡುತ್ತಾರೆ, ಒಂದೇ ಶಾಲೆಗೆ ಮಕ್ಕಳನ್ನು ಕಳುಹಿಸುತ್ತಾರೆ, ಮದುವೆ ಮತ್ತು ಮರಣದ ಮನೆಗಳಲ್ಲಿ ಅಕ್ಕಪಕ್ಕ ಕುಳಿತುಕೊಳ್ಳುತ್ತಾರೆ. ಆದರೆ ಭಾನುವಾರ ಬೆಳಿಗ್ಗೆ ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿಯುತ್ತಾರೆ. ಭಾನುವಾರದ ಈ ಪ್ರತ್ಯೇಕತೆಯನ್ನು ಒಮ್ಮೆಗೇ ಇಲ್ಲವಾಗಿಸುವುದು ಯಾವ ಸ್ಥಳೀಯ ಸಭೆಯ ಕೈಯಲ್ಲೂ ಇಲ್ಲ. ಆದರೆ ವರ್ಷದ ಕೆಲವು ಸಂಜೆಗಳಲ್ಲಿ ಒಂದೇ ಸೂರಿನಡಿ ದೇವರ ವಾಕ್ಯವನ್ನು ಕೇಳಿ ಪ್ರಾರ್ಥಿಸುವುದಕ್ಕೆ ಇಂದು ಯಾವ ಮುಖ್ಯ ಸಭೆಯ ನಿಯಮವೂ ಅಡ್ಡಿಯಾಗಿಲ್ಲ, ಅಡ್ಡಿಯಾಗಿರುವುದು ರೂಢಿ ಮತ್ತು ಸಂಕೋಚ ಮಾತ್ರ ಎಂಬುದು ಈ ಕರಪತ್ರದ ವಾದ.

ಬೇರೆಬೇರೆ ಪಂಗಡಗಳಾಗಿ ಒಡೆದುಹೋದ ಕ್ರೈಸ್ತರು ಪರಸ್ಪರ ಹತ್ತಿರವಾಗಬೇಕೆಂಬ ಪ್ರಯತ್ನವನ್ನು ಕ್ರೈಸ್ತೈಕ್ಯ ಚಳವಳಿ ಎನ್ನುತ್ತಾರೆ. ಅದರ ಅತ್ಯಂತ ಪರಿಚಿತ ರೂಪವೆಂದರೆ ಜನವರಿ 18ರಿಂದ 25ರವರೆಗೆ ನಡೆಯುವ ಪ್ರಾರ್ಥನಾ ಸಪ್ತಾಹ. ಅಮೆರಿಕದ ಆಂಗ್ಲಿಕನ್ ಪಾದ್ರಿ ಪಾಲ್ ವಾಟ್ಸನ್ 1908ರಲ್ಲಿ ಆರಂಭಿಸಿದ ಈ ಆಚರಣೆಗೆ ಈಗ ಕಥೋಲಿಕ ಸಭೆಯೂ ಜಾಗತಿಕ ಸಭೆಗಳ ಒಕ್ಕೂಟವೂ ಜಂಟಿಯಾಗಿ ಪ್ರಾರ್ಥನಾಕ್ರಮವನ್ನು ಒದಗಿಸುತ್ತವೆ. 2013ರ ಕ್ರಮವನ್ನು ಸಿದ್ಧಪಡಿಸುವ ಹೊಣೆ ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿಗೆ ಬಂದಾಗ ಅದು ಪ್ರವಾದಿ ಮೀಕನ ಗ್ರಂಥವನ್ನು ಆಧರಿಸಿ ದಲಿತ ಕ್ರೈಸ್ತರ ಸ್ಥಿತಿಯನ್ನೇ ಪ್ರಾರ್ಥನೆಯ ಕೇಂದ್ರಕ್ಕೆ ತಂದಿತು. ಸಭೆಗಳು ಒಂದಾಗಬೇಕೆಂದು ಬೇಡುವವರು ಸಭೆಯೊಳಗಿನ ಜಾತಿಯನ್ನು ಕಾಣದಂತೆ ನಟಿಸಲಾಗದು ಎಂಬ ಈ ಮಾತು ಜಗತ್ತಿನ ಸಭೆಗಳಿಗೆ ಭಾರತದಿಂದ ಹೋಯಿತು. ಭಾರತದಲ್ಲಿಯೇ ಅದು ಎಷ್ಟು ಕಿವಿಗಳಿಗೆ ಬಿದ್ದಿತು ಎಂಬುದು ಬೇರೆ ಪ್ರಶ್ನೆ.

ಕರಾವಳಿಯ ವಿಭಜನೆಗಳ ಚರಿತ್ರೆಯನ್ನು ನೋಡಿದರೆ ಅವುಗಳಲ್ಲಿ ಎಲ್ಲವೂ ಸಿದ್ಧಾಂತದಿಂದ ಹುಟ್ಟಿದವಲ್ಲ ಎಂಬುದು ಸ್ಪಷ್ಟವಾಗುತ್ತದೆ. ಗೋವೆಯಿಂದ ವಲಸೆ ಬಂದ ಕೊಂಕಣಿ ಮಾತಿನ ಕಥೋಲಿಕರು ಇಲ್ಲಿಯ ಅತಿ ದೊಡ್ಡ ಸಮುದಾಯ. 1834ರಲ್ಲಿ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಿಶನರಿಗಳು ಮಂಗಳೂರಿಗೆ ಬರುವುದರೊಂದಿಗೆ ಬಾಸೆಲ್ ಮಿಶನ್ ಎಂಬ ಪ್ರಾಟೆಸ್ಟೆಂಟ್ ಸಂಸ್ಥೆಯ ಕೆಲಸ ಆರಂಭವಾಯಿತು. ಅದರ ಮೂಲಕ ಕ್ರೈಸ್ತರಾದವರಲ್ಲಿ ಹೆಚ್ಚಿನವರು ತುಳು ಮಾತಾಡುವ ಬಿಲ್ಲವರು, ಅವರ ಆರಾಧನೆಯ ಭಾಷೆ ಕನ್ನಡ ಮತ್ತು ತುಳು. ಬೆಳ್ತಂಗಡಿ ಕಡೆಗೆ ಕೃಷಿಗಾಗಿ ಬಂದ ಮಲಯಾಳಿಗಳಿಗೆ 1999ರಲ್ಲಿ ಸೀರೋ-ಮಲಬಾರ್ ಎಂಬ, ಸಿರಿಯನ್ ಪರಂಪರೆಯ ಕಥೋಲಿಕ ಸಭೆಯ ಧರ್ಮಪ್ರಾಂತವೇ ರಚನೆಯಾಯಿತು. ಧರ್ಮಪ್ರಾಂತವೆಂದರೆ ಒಬ್ಬ ಬಿಷಪರ ಆಡಳಿತಕ್ಕೆ ಒಳಪಟ್ಟ ಪ್ರದೇಶ. ಹೀಗೆ ಸಭೆಯ ಗೆರೆ, ಭಾಷೆಯ ಗೆರೆ ಮತ್ತು ಜಾತಿಯ ಗೆರೆ ಒಂದರ ಮೇಲೊಂದು ಬಿದ್ದಿರುವುದರಿಂದ ಯಾವುದು ವಿಶ್ವಾಸದ ಭೇದ, ಯಾವುದು ಕುಲದ ಬಿಗುಮಾನ ಎಂಬುದನ್ನು ಬಿಡಿಸಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ.

ಉಡುಪಿ ಜಿಲ್ಲೆಯ ಬ್ರಹ್ಮಾವರದ ಉದಾಹರಣೆ ಇದನ್ನು ಇನ್ನಷ್ಟು ಬಿಚ್ಚಿ ತೋರಿಸುತ್ತದೆ. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ಸಿರಿಯನ್ ಪರಂಪರೆಗೆ ಸೇರಿದವರಾದರೂ ಮನೆಮಾತು ಕೊಂಕಣಿಯೇ, ಅಡ್ಡಹೆಸರುಗಳೂ ನೆರೆಯ ಕಥೋಲಿಕರವೇ. ಪೋರ್ಚುಗಲ್ ದೊರೆಗೆ ಪೂರ್ವದೇಶಗಳ ಸಭಾಡಳಿತದಲ್ಲಿ ದೊರೆತಿದ್ದ ಪಡ್ರುವಾದೊ ಎಂಬ ಹಕ್ಕಿಗೂ ರೋಮಿನ ನೇರ ಆಡಳಿತಕ್ಕೂ 19ನೆಯ ಶತಮಾನದ ಕೊನೆಯಲ್ಲಿ ನಡೆದ ಜಗಳದ ಸಂದರ್ಭದಲ್ಲಿ ಗೋವೆಯ ಪಾದ್ರಿ ಆಲ್ವಾರಿಸರು ರೋಮಿನಿಂದ ಬೇರ್ಪಟ್ಟು 1889ರಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಸಿರಿಯನ್ ಸಭೆಯ ಬಿಷಪರಾದರು. ಅವರನ್ನು ಹಿಂಬಾಲಿಸಿದ ಕುಟುಂಬಗಳ ಮುಂದಿನ ಪೀಳಿಗೆಗಳು ಇಂದಿಗೂ ಬೇರೆಯಾಗಿ ಆರಾಧಿಸುತ್ತಿವೆ. ತ್ರಯೇಕತ್ವವನ್ನು ಕುರಿತ ಯಾವ ವಿವಾದವೂ ಈ ಕುಟುಂಬಗಳನ್ನು ಒಡೆದದ್ದಲ್ಲ. ಬಿಷಪರನ್ನು ನೇಮಿಸುವ ಅಧಿಕಾರ ಯಾರದೆಂಬ ಪ್ರಶ್ನೆ ಒಡೆಯಿತು. ಆ ಹಕ್ಕೂ ಆ ದೊರೆತನವೂ ಚರಿತ್ರೆಗೆ ಸೇರಿದ ಮೇಲೂ ಅದರಿಂದಾದ ಬಿರುಕನ್ನು ವಿಶ್ವಾಸದ ಹೆಸರಿನಲ್ಲಿ ಕಾಪಾಡಿಕೊಂಡು ಬರುವುದಕ್ಕೆ ಸಮರ್ಥನೆ ಸಿಗುವುದು ಕಷ್ಟ.

ಇದಕ್ಕೆ ಎದುರಾಗಿ ಕೂಡಿಕೊಂಡ ಚರಿತ್ರೆಯೂ ಇದೆ. ಬಾಸೆಲ್ ಮಿಶನ್ ಲೂಥರನ್ನರೂ ರಿಫಾರ್ಮ್ಡ್ ಪಂಥದವರೂ ಸೇರಿ 1815ರಲ್ಲಿ ಸ್ಥಾಪಿಸಿದ ಸಂಸ್ಥೆ. ಅಂದರೆ ಕರಾವಳಿಯ ಪ್ರಾಟೆಸ್ಟೆಂಟ್ ಸಭೆಯ ತಾಯಿಬೇರಿನಲ್ಲಿಯೇ ಎರಡು ಪಂಗಡಗಳ ಕೂಡುವಿಕೆ ಇತ್ತು. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಆಂಗ್ಲಿಕನ್ ಬಿಷಪರಾದ ಅಜರಯ್ಯನವರ ಮುಂದಾಳುತನದಲ್ಲಿ ಕೂಡಿದ 33 ಮಂದಿ, ಪರದೇಶದ ಜಗಳಗಳಿಂದ ಹುಟ್ಟಿದ ಪಂಗಡಗಳನ್ನು ಭಾರತದ ಕ್ರೈಸ್ತರು ಹೊತ್ತು ತಿರುಗಬೇಕಾಗಿಲ್ಲವೆಂದು ಘೋಷಿಸಿ ಐಕ್ಯದ ಮಾತುಕತೆಗೆ ಕರೆಕೊಟ್ಟರು. ಆ ಮಾತುಕತೆ ಫಲಿಸಲು 28 ವರ್ಷ ಹಿಡಿಯಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು ಮತ್ತು ಕಾಂಗ್ರಿಗೇಶನಲಿಸ್ಟರು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಆದಾಗ ಅಜರಯ್ಯನವರು ತೀರಿಕೊಂಡು ಎರಡು ವರ್ಷಗಳೇ ಆಗಿದ್ದವು. ಬಿಷಪರಿರುವ ಸಭೆಯೂ ಬಿಷಪರೇ ಬೇಡವೆಂದ ಸಭೆಯೂ ಒಂದಾದದ್ದು ಜಗತ್ತಿಗೆ ಹೊಸತಾಗಿತ್ತು. ಕರಾವಳಿಯ ಬಾಸೆಲ್ ಮಿಶನ್ ಸಭೆಗಳೂ ಇಂದು ಸೇರಿರುವ ಆ ಸಭೆ 1950ರಲ್ಲಿ ರೂಪಿಸಿದ ಪ್ರಭುಭೋಜನದ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಹಂಚಿಕೊಳ್ಳುವ ಆರಾಧನೆಯ, ಕ್ರಮದಲ್ಲಿ, ಕೇರಳದ ಸಿರಿಯನ್ ಕ್ರೈಸ್ತರ ರೂಢಿಯನ್ನು ಅನುಸರಿಸಿ, ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ಸೇರಿಕೊಂಡಿತು. ಒಂದು ಪರಂಪರೆಯ ಆಸ್ತಿ ಇನ್ನೊಂದಕ್ಕೆ ಹೀಗೆ ಬಳುವಳಿಯಾಗಿ ಬಂದದ್ದರಿಂದ ಯಾರ ವಿಶ್ವಾಸವೂ ಸಡಿಲವಾಗಲಿಲ್ಲ.

ಜಂಟಿ ಆರಾಧನೆಯನ್ನು ಕಥೋಲಿಕ ಸಭೆ ಒಪ್ಪುವುದಿಲ್ಲವೆಂಬ ಗ್ರಹಿಕೆ ಕಥೋಲಿಕರಲ್ಲೂ ಪ್ರಾಟೆಸ್ಟೆಂಟರಲ್ಲೂ ಇನ್ನೂ ಉಳಿದಿದೆ. ಅದು ಹಳೆಯ ಸಂಗತಿ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್ 21ರಂದು ಹೊರಡಿಸಿದ ಕ್ರೈಸ್ತೈಕ್ಯದ ನಿರ್ಣಯ, ಐಕ್ಯಕ್ಕಾಗಿ ಬೇರೆ ಸಭೆಗಳವರೊಂದಿಗೆ ಕೂಡಿ ಪ್ರಾರ್ಥಿಸುವುದನ್ನು ಅನುಮತಿಸಿದ್ದಷ್ಟೇ ಅಲ್ಲ, ಅಪೇಕ್ಷಣೀಯವೆಂದೂ ಹೇಳಿತು. ಅದು ತಡೆ ಹಾಕಿದ್ದು ಸಂಸ್ಕಾರಗಳನ್ನು ವಿವೇಚನೆಯಿಲ್ಲದೆ ಹಂಚಿಕೊಳ್ಳುವುದಕ್ಕೆ. ಸಂಸ್ಕಾರಗಳೆಂದರೆ ಸ್ನಾನದೀಕ್ಷೆ, ಪರಮಪ್ರಸಾದ ಮೊದಲಾದ, ದೇವರ ಕೃಪೆಯ ಗುರುತುಗಳೆಂದು ಸಭೆ ನಂಬುವ ವಿಧಿಗಳು. ಸಿ.ಎಸ್.ಐ. ತನ್ನ ಪ್ರಭುಭೋಜನಕ್ಕೆ ಬೇರೆ ಸಭೆಗಳ ಸದಸ್ಯರನ್ನು ಬರಮಾಡಿಕೊಳ್ಳುತ್ತದೆ, ಕಥೋಲಿಕ ಸಭೆ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಈ ವ್ಯತ್ಯಾಸವನ್ನು ಮರೆಮಾಚುವ ಯಾವ ಜಾಣತನವೂ ಉಪಯೋಗಕ್ಕೆ ಬಾರದು. ಆದ್ದರಿಂದ ಜಂಟಿ ಪ್ರಾರ್ಥನೆ ಕಥೋಲಿಕರ ಬಲಿಪೂಜೆಯೂ ಅಲ್ಲದ, ಪ್ರಭುಭೋಜನವೂ ಅಲ್ಲದ, ವಾಕ್ಯದ ಆರಾಧನೆಯಾಗಿರಬೇಕು: ಕೀರ್ತನೆ, ಪಾಪನಿವೇದನೆ, ಬೈಬಲ್ ವಾಚನ, ಪ್ರಸಂಗ, ಬಿನ್ನಹಗಳು, ಕ್ರಿಸ್ತನು ಕಲಿಸಿದ ಪ್ರಾರ್ಥನೆ ಮತ್ತು ಆಶೀರ್ವಾದ.

ಆ ಸಂಜೆಯ ವಿವರಗಳು ಸಣ್ಣವೆಂದು ತೋರಬಹುದು, ಆದರೆ ಕೆಲಸ ಕೆಡುವುದೂ ಕೂಡುವುದೂ ಅಲ್ಲಿಯೇ. ಕಥೋಲಿಕರ ಇಗರ್ಜಿಯಲ್ಲಿ ಪ್ರಾರ್ಥನೆ ನಡೆಯುವ ದಿನ ಪ್ರಸಂಗ ಸಿ.ಎಸ್.ಐ. ಸಭಾಪಾಲಕರದಾಗಿರಬೇಕು, ಸಿ.ಎಸ್.ಐ. ದೇವಾಲಯದಲ್ಲಿ ನಡೆಯುವ ದಿನ ಕಥೋಲಿಕ ಧರ್ಮಗುರುಗಳದು; ಮನೆಯವರು ಆತಿಥ್ಯ ಮಾಡಲಿ, ಮಾತು ಅತಿಥಿಯದಾಗಿರಲಿ. ವಾಚನಕ್ಕೆ ಬೈಬಲ್ ಸೊಸೈಟಿ ಪ್ರಕಟಿಸಿರುವ, ಕಥೋಲಿಕರೂ ಬಳಸುವ, ಸುಲಭ ಕನ್ನಡದ ‘ಪವಿತ್ರ ಬೈಬಲ್’ ಅನುಕೂಲ. ಕ್ರಿಸ್ತನು ಕಲಿಸಿದ ಪ್ರಾರ್ಥನೆಯ ಕನ್ನಡ ಪಾಠ ಎರಡು ಸಭೆಗಳಲ್ಲಿ ಎರಡು ಬಗೆಯದಾಗಿರುವುದರಿಂದ ಒಂದನ್ನು ಆಯ್ದು ಹಾಳೆಯಲ್ಲಿ ಅಚ್ಚುಮಾಡಿ ಎಲ್ಲರ ಕೈಗೂ ಕೊಡದಿದ್ದರೆ ಮಧ್ಯದಲ್ಲೇ ಅರ್ಧ ಜನ ಮೌನವಾಗುತ್ತಾರೆ. ಹಾಡಿನಲ್ಲಿ ಮಾತ್ರ ಏಕರೂಪತೆಗೆ ಹಟ ಹಿಡಿಯಬಾರದು. ಬಾಸೆಲ್ ಮಿಶನ್ ಪರಂಪರೆಯವರು ಜರ್ಮನ್ ರಾಗಗಳಿಗೆ ಕನ್ನಡದ ಸಾಹಿತ್ಯವನ್ನು ಹೊಂದಿಸಿ ನಾಲ್ಕು ಸ್ವರಶ್ರೇಣಿಗಳಲ್ಲಿ ಹಾಡುವುದನ್ನು ಕಥೋಲಿಕರು ಕೇಳಲಿ, ಕೊಂಕಣಿಯ ಭಕ್ತಿಗೀತೆಗಳಿಗೆ ತುಳು ನಾಲಿಗೆಗಳೂ ದನಿಗೂಡಿಸಲಿ. ಭಾಷಣಗಳನ್ನು ಮಾತ್ರ ಪೂರ್ತಿ ಕೈಬಿಡಬೇಕು. ಗಣ್ಯರ ಪರಿಚಯ, ಶಾಲು, ಹಾರ, ಸ್ಮರಣಿಕೆ, ವಂದನಾರ್ಪಣೆಗಳ ನಡುವೆ ಪ್ರಾರ್ಥನೆಯೇ ಐದು ನಿಮಿಷಕ್ಕೆ ಇಳಿಯುವ ಸೌಹಾರ್ದ ಕೂಟಗಳನ್ನು ಕರಾವಳಿ ಸಾಕಷ್ಟು ಕಂಡಿದೆ.

ದಿನಗಳ ಆಯ್ಕೆಯಲ್ಲಿಯೂ ವಿವೇಕ ಬೇಕು. ನವೆಂಬರ್ 2ರ ಮೃತರ ಸ್ಮರಣೆಯ ದಿನ ಭಾವನಾತ್ಮಕವಾಗಿ ಹತ್ತಿರವೆನಿಸಿದರೂ ಮೃತರಿಗಾಗಿ ಪ್ರಾರ್ಥಿಸುವುದನ್ನು ಪ್ರಾಟೆಸ್ಟೆಂಟರು ಒಪ್ಪದ ಕಾರಣ ಅದು ಯೋಗ್ಯವಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬ ಮರಿಯಮ್ಮನವರ ಜನ್ಮದಿನವಾಗಿರುವುದರಿಂದ ಅದೂ ಕಥೋಲಿಕರದಾಗಿಯೇ ಉಳಿಯಲಿ. ಆದರೆ ಆ ಹಬ್ಬದಲ್ಲಿ ಹೊಸ ತೆನೆಯನ್ನು ಆಶೀರ್ವದಿಸುವುದಕ್ಕೂ ಸಿ.ಎಸ್.ಐ. ಸಭೆಗಳಲ್ಲಿ ಮೊದಲ ಫಲವನ್ನು ತಂದೊಪ್ಪಿಸಿ ಬಳಿಕ ಏಲಂ ಹಾಕುವ ಸುಗ್ಗಿಯ ಆರಾಧನೆಗೂ ಇರುವ ನೆಂಟಸ್ತಿಕೆ ಮರೆಯುವಂಥದ್ದಲ್ಲ, ಆದ್ದರಿಂದ ಬೆಳೆ ಕೈಗೆ ಬಂದ ಬಳಿಕ ಇನ್ನೊಂದು ದಿನ ಒಟ್ಟಾಗಿ ಕೃತಜ್ಞತೆ ಸಲ್ಲಿಸಬಹುದು. ಮಾರ್ಚಿನ ಮೊದಲ ಶುಕ್ರವಾರದ ವಿಶ್ವ ಪ್ರಾರ್ಥನಾ ದಿನವನ್ನು 1927ರಿಂದ ಜಗತ್ತಿನಾದ್ಯಂತ ಹೆಂಗಸರೇ ಸಭಾಭೇದವಿಲ್ಲದೆ ನಡೆಸಿಕೊಂಡು ಬಂದಿದ್ದಾರೆ. ಬಿಷಪರುಗಳು ಮತ್ತು ದೈವಶಾಸ್ತ್ರಜ್ಞರು ಇನ್ನೂ ಚರ್ಚಿಸುತ್ತಿರುವುದನ್ನು ಸ್ತ್ರೀ ಸಂಘಗಳು ಸದ್ದಿಲ್ಲದೆ ಮಾಡಿ ತೋರಿಸಿರುವಾಗ ಗಂಡಸರು ಅದಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕುಳಿತರೂ ಲಾಭವೇ.

ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಒಂದಿದೆ. ಒಟ್ಟಾಗಿ ಪ್ರಾರ್ಥಿಸುವ ನೆಪದಲ್ಲಿ ಒಂದು ಸಭೆ ಇನ್ನೊಂದರ ಸದಸ್ಯರನ್ನು ಸೆಳೆಯುತ್ತದೆಂಬ ಭಯ ಆಧಾರವಿಲ್ಲದ್ದಲ್ಲ. ವಿಶೇಷವಾಗಿ, ಶಿಶುವಾಗಿದ್ದಾಗ ಪಡೆದ ಸ್ನಾನದೀಕ್ಷೆಯನ್ನು ಒಪ್ಪದೆ ಮತ್ತೆ ಮುಳುಗಿಸುವ ಪೆಂತೆಕೊಸ್ತ್ ಸಭೆಗಳ ಬಗ್ಗೆ ಹಳೆಯ ಸಭೆಗಳಿಗೆ ಅಸಮಾಧಾನವಿದೆ. ಅವರನ್ನು ಹೊರಗಿಡುವುದು ಇದಕ್ಕೆ ಪರಿಹಾರವಲ್ಲ. ಸದಸ್ಯರನ್ನು ಸೆಳೆಯುವುದಿಲ್ಲವೆಂಬ ಒಪ್ಪಂದವನ್ನು ಭಾಗವಹಿಸುವ ಪ್ರತಿಯೊಂದು ಸಭೆಯೂ ಮೊದಲೇ ಬರಹದಲ್ಲಿ ಕೊಡಲಿ, ಒಪ್ಪಂದ ಮುರಿದವರು ಮುಂದಿನ ವರ್ಷ ಹೊರಗುಳಿಯಲಿ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಸುತ್ತಮುತ್ತ ಕ್ರೈಸ್ತ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದಾಗ ಹೊಸ ಪಂಗಡದವರೂ ಕಥೋಲಿಕರೂ ಒಟ್ಟಿಗೇ ಪೆಟ್ಟು ತಿಂದರು. ಸಂಕಟದಲ್ಲಿ ಮನವಿಪತ್ರಕ್ಕೆ ಒಟ್ಟಾಗಿ ಸಹಿ ಹಾಕುವವರು ಸಂಕಟ ಕಳೆದ ಮೇಲೆ ಒಟ್ಟಾಗಿ ಮೊಣಕಾಲೂರಲಾರರೆಂದರೆ ಅದು ಐಕ್ಯವಲ್ಲ, ಕೇವಲ ರಕ್ಷಣಾಕೂಟ.

ಯೇಸು ತಾನು ಬಂಧನಕ್ಕೊಳಗಾಗುವ ಮೊದಲಿನ ಸಂಜೆ ಶಿಷ್ಯರು ಒಂದಾಗಿರಲೆಂದೂ ಅದರಿಂದ ಲೋಕ ನಂಬಲೆಂದೂ ಬೇಡಿಕೊಂಡದ್ದನ್ನು ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯ ದಾಖಲಿಸುತ್ತದೆ. ಸಿದ್ಧಾಂತದ ಭೇದಗಳೆಲ್ಲ ಬಗೆಹರಿಯಲೆಂದು ಆ ಬೇಡಿಕೆ ಕಾಯುವುದಿಲ್ಲ. ಪ್ರತಿಯೊಂದು ಕಥೋಲಿಕ ಧರ್ಮಕೇಂದ್ರದ ಪಾಲನಾ ಮಂಡಳಿಯೂ ಪ್ರತಿಯೊಂದು ಸಿ.ಎಸ್.ಐ. ಮತ್ತು ಆರ್ಥೊಡಾಕ್ಸ್ ಸಭೆಯ ಸಮಿತಿಯೂ ತನ್ನ ಮುಂದಿನ ಸಭೆಯ ಕಾರ್ಯಸೂಚಿಗೆ ಈ ವಿಷಯವನ್ನು ಸೇರಿಸಲಿ. ಮೈಲಿ ಎರಡು ಮೈಲಿಯೊಳಗಿರುವ ಬೇರೊಂದು ಸಭೆಗೆ ಆಹ್ವಾನದ ಪತ್ರ ಬರೆಯಲಿ. ಧರ್ಮಕೇಂದ್ರದ ವಿಭಾಗಗಳಾದ ವಾಳೆಗಳ ಮುಖಂಡರು, ಅಂದರೆ ಗುರಿಕಾರರು, ಅದನ್ನು ಮನೆಮನೆಗೂ ತಿಳಿಸಲಿ. ಬರುವ ಜನವರಿ 18ರೊಳಗೆ ಒಂದು ಸಂಜೆ, ಒಂದು ದೇವಾಲಯ ಮತ್ತು ಒಬ್ಬ ಅತಿಥಿ ಪ್ರಸಂಗಿ ನಿಗದಿಯಾದರೆ ಮೊದಲ ವರ್ಷಕ್ಕೆ ಅಷ್ಟು ಸಾಕು.