ಕಾಲೇಜಿನ ಹೊಲ, ಪೇಟೆಯ ಹೊಣೆ

ಕಾಲೇಜು ಆವರಣದಲ್ಲಿ ವಿದ್ಯಾರ್ಥಿಗಳೇ ಸಾವಯವ ಕೃಷಿ ಕೈಗೊಳ್ಳಬೇಕೆಂಬ ವಿಚಾರ ಹೊಸದಲ್ಲ. ಇಂತಹ ಕಾರ್ಯಕ್ಕಾಗಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ವ್ಯಾಪಾರಸ್ಥರ ಬಳಿಗೆ ಬರುವ ಬಿನ್ನಹವೂ ಸಾಮಾನ್ಯವಾಗಿ ಒಂದೇ ಬಗೆಯದು: ದೇಣಿಗೆ ಕೊಡಿ, ಉದ್ಘಾಟನೆಗೆ ಬನ್ನಿ. ನಾವು ಕೊಡುತ್ತೇವೆ, ಹೋಗುತ್ತೇವೆ, ಶಾಲು ಹೊದಿಸಿಕೊಂಡು ಮರಳುತ್ತೇವೆ. ಮಳೆಗಾಲದಲ್ಲಿ ನೆಟ್ಟ ಬದನೆ, ಟೊಮೆಟೊ ಸಸಿಗಳು ಪರೀಕ್ಷೆಯ ತಿಂಗಳಲ್ಲಿ ನೀರು ಕಾಣದೆ ಒಣಗಿ, ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಆ ಜಾಗವನ್ನು ಪಾರ್ಥೇನಿಯಂ ಕಸ ಆವರಿಸಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಇದು ಹುಡುಗರ ಸೋಮಾರಿತನವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನ್ನ ಅಭಿಪ್ರಾಯದಲ್ಲಿ ದೋಷವಿರುವುದು ಬೆಳೆಯ ಆಯ್ಕೆಯಲ್ಲಿ. ಅದಕ್ಕಿಂತ ಮಿಗಿಲಾಗಿ, ಬೆಳೆದುದನ್ನು ಕೊಳ್ಳುವವರು ಯಾರೆಂಬುದನ್ನು ಬಿತ್ತುವ ಮೊದಲೇ ಗೊತ್ತುಪಡಿಸದಿರುವುದರಲ್ಲಿ.

ಬೆಳೆಯ ವಿಚಾರವನ್ನು ಮೊದಲು ನೋಡೋಣ. ತರಕಾರಿಗೆ ದಿನನಿತ್ಯ ನೀರು, ದಿನನಿತ್ಯ ಕೈ ಬೇಕು. ಮುಂಗಾರಿನ ಹೆಸರು ಜೂನ್‌ನಲ್ಲಿ ಬಿತ್ತನೆಯಾಗಿ ಆಗಸ್ಟ್ ಸುಮಾರಿಗೆ ಕಟಾವಿಗೆ ಬರುವುದು. ಪ್ರವೇಶ ಪ್ರಕ್ರಿಯೆಯೇ ಮುಗಿಯದ ಆ ದಿನಗಳಲ್ಲಿ ಹೊಲಕ್ಕೆ ಇಳಿಯುವವರು ಯಾರು? ಹಿಂಗಾರಿ ಹಾಗಲ್ಲ. ನಮ್ಮ ಎರೆ ಭೂಮಿಯಲ್ಲಿ ಜೋಳವನ್ನು ಸೆಪ್ಟೆಂಬರ್ ಮಧ್ಯದಿಂದ, ಕಡಲೆಯನ್ನು ಅಕ್ಟೋಬರ್‌ನಲ್ಲಿ ಬಿತ್ತಿದರೆ ನೆಲದಲ್ಲಿ ಉಳಿದ ತೇವದಿಂದಲೇ ಬಹುಪಾಲು ಬೆಳೆ ಬರುತ್ತದೆ. ಕಡಲೆಗೆ ನೂರು ದಿನ, ಜೋಳಕ್ಕೆ ನಾಲ್ಕು ತಿಂಗಳು ಎಂದು ಹಿಡಿದರೂ ಜನವರಿ-ಫೆಬ್ರವರಿಯಲ್ಲಿ ರಾಶಿ ಮುಗಿಯುತ್ತದೆ. ಆ ಬಳಿಕ ಭೂಮಿಗೆ ಬೇಕಾದುದು ಮಾಗಿ ಉಳುಮೆ ಮತ್ತು ಬಿಸಿಲು. ಏಪ್ರಿಲ್-ಮೇ ತಿಂಗಳುಗಳಲ್ಲಿ ವಿದ್ಯಾರ್ಥಿಗಳು ಊರಿಗೆ ಹೋದರೆ ನಷ್ಟವೇನೂ ಇಲ್ಲ. ಶೈಕ್ಷಣಿಕ ವರ್ಷಕ್ಕೆ ಇಷ್ಟು ಹೊಂದುವ ಬೆಳೆ ಕೈಯೆಟುಕಿನಲ್ಲಿರುವಾಗ ಟೊಮೆಟೊದ ಬೆನ್ನು ಹತ್ತುವುದೇಕೆ? ಶಿರಹಟ್ಟಿ, ಮುಂಡರಗಿ ಕಡೆಯ ಮಸಾರಿ ಭೂಮಿಗೆ ಮಾತ್ರ ಈ ಲೆಕ್ಕ ಹೊಂದದು. ಅಲ್ಲಿ ಕೃಷಿಹೊಂಡವೋ ಕೊಳವೆಬಾವಿಯೋ ಇರುವ ಕಾಲೇಜು ಮುಂದೆ ಬರಬೇಕಾಗುತ್ತದೆ.

ಒಂದು ಎಕರೆ ಕಡಲೆಯನ್ನೇ ತೆಗೆದುಕೊಳ್ಳಿ. ಬೀಜ 20ರಿಂದ 25 ಕೆ.ಜಿ. ಬಿತ್ತಿದ ತಿಂಗಳೊಪ್ಪತ್ತಿಗೆ ಕುಡಿ ಚಿವುಟಬೇಕು. ಚಿವುಟಿದರೆ ಗಿಡ ಕವಲೊಡೆಯುತ್ತದೆ, ಚಿವುಟಿದ ಸೊಪ್ಪು ಪಲ್ಯಕ್ಕಾಗುತ್ತದೆ. ಅದೇ ಆ ಹೊಲದ ಮೊದಲ ಮಾರಾಟ. ಕಾಯಿ ಬಲಿಯುವ ಮೊದಲು ಹಸಿ ಕಡಲೆಗೆ ಗಿರಾಕಿ ಉಂಟು; ಪಕ್ಕದ ಸಾಲಿನ ಜೋಳದ ಸೀತನಿಗಂತೂ ಹೇಳುವುದೇ ಬೇಡ. ಕಾಯಿಕೊರಕ ಹುಳು ನಿಜವಾದ ಕಷ್ಟ. ಹಕ್ಕಿಗಳು ಕುಳಿತು ಹುಳು ಹೆಕ್ಕಲು ಹೊಲದ ನಡುವೆ ಟೊಂಗೆಗಳನ್ನು ನೆಡುವುದು, ಬೇವಿನ ಬೀಜದ ಕಷಾಯ ಸಿಂಪಡಿಸುವುದು, ಗಿಡ ಅಲುಗಿಸಿ ಬಿದ್ದ ಹುಳುಗಳನ್ನು ಆರಿಸುವುದು, ಇವೆಲ್ಲ ಕೂಲಿ ಕೊಟ್ಟು ಮಾಡಿಸಿದರೆ ರೈತನಿಗೆ ದುಬಾರಿ. ನಲವತ್ತು ವಿದ್ಯಾರ್ಥಿಗಳ ತಂಡಕ್ಕೆ ಅದು ಬೆಳಗಿನ ಒಂದು ಗಂಟೆಯ ಕೆಲಸ.

ಕೃಷಿ ಶಿಕ್ಷಣದಲ್ಲಿ ಇದಕ್ಕೊಂದು ಮಾದರಿ ಈಗಾಗಲೇ ಇದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಸೇರಿದಂತೆ ದೇಶದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ಉಳಿದು ಕೃಷಿ ಅನುಭವ ಪಡೆಯುತ್ತಾರೆ. ಅನುಭವಾತ್ಮಕ ಕಲಿಕೆಯ ಅವಧಿಯಲ್ಲಿ ತಾವೇ ಉತ್ಪಾದಿಸಿ, ಮಾರಿ, ಲೆಕ್ಕ ಒಪ್ಪಿಸುತ್ತಾರೆ. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸ್ಟೂಡೆಂಟ್ ರೆಡಿ’ ಕಾರ್ಯಕ್ರಮದಡಿ ಇವೆಲ್ಲ ಒಂದುಗೂಡಿವೆ. ಧಾರವಾಡದಲ್ಲಿ ಸಾವಯವ ಕೃಷಿಗೆಂದೇ ಒಂದು ಸಂಸ್ಥೆಯಿದೆ. ಇನ್ನೂ ಸಮೀಪದಲ್ಲಿ, ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಆದ್ದರಿಂದ ತಾಂತ್ರಿಕ ಸಲಹೆಯ ಕೊರತೆ ನಮ್ಮ ಭಾಗಕ್ಕಿಲ್ಲ. ದೂರದ ಕ್ಯಾಲಿಫೋರ್ನಿಯಾದ ಸಾಂತಾಕ್ರೂಜ್ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಅಲನ್ ಚಾಡ್ವಿಕ್ ಎಂಬ ಆಂಗ್ಲ ತೋಟಗಾರ ವಿದ್ಯಾರ್ಥಿಗಳೊಡನೆ ಒಂದು ಇಳಿಜಾರಿನಲ್ಲಿ ಆರಂಭಿಸಿದ ತೋಟ ಮುಂದೆ ದೊಡ್ಡ ಸಾವಯವ ಕ್ಷೇತ್ರವೇ ಆಗಿ ಬೆಳೆಯಿತು.

ಆದರೆ ನನ್ನ ಒತ್ತಾಯ ಕೃಷಿ ವಿದ್ಯಾರ್ಥಿಗಳ ಪರವಾಗಿಲ್ಲ, ವಾಣಿಜ್ಯ ವಿದ್ಯಾರ್ಥಿಗಳ ಪರವಾಗಿದೆ. ಮೂರು ವರ್ಷ ಕಾಲ್ಪನಿಕ ವರ್ತಕರ ಕಿರ್ದಿ-ಖತಾವಣಿ ಬರೆದು ಬಿ.ಕಾಂ. ಪಾಸಾದ ಯುವಕ ನಮ್ಮ ಅಂಗಡಿಗೆ ಕೆಲಸಕ್ಕೆ ಬಂದಾಗ ತೇವಾಂಶದ ಕಡಿತ, ಹಮಾಲಿ, ತೂಕದ ಚೀಟಿ ಎಂದರೆ ಕಣ್ಣುಬಿಡುತ್ತಾನೆ. ಒಂದು ಎಕರೆಯ ನಿಜವಾದ ಲೆಕ್ಕವನ್ನು ಬೀಜದಿಂದ ಪಟ್ಟಿಯವರೆಗೆ ಅವನೇ ಬರೆದಿದ್ದರೆ ಆ ವ್ಯತ್ಯಾಸ ನಮ್ಮ ಅನುಭವಕ್ಕೂ ಬರುತ್ತಿತ್ತು.

ಇದಕ್ಕಾಗಿ ಪೇಟೆ ಮಾಡಬೇಕಾದುದೇನು? ದೇಣಿಗೆ ಬೇಡ, ಉದ್ರಿ ಕೊಡೋಣ. ಎಣ್ಣೆ ಗಿರಣಿಯವರು ಬೇವಿನ ಹಿಂಡಿಯನ್ನು, ದಾಲ್ ಮಿಲ್‌ನವರು ನುಚ್ಚು-ಹೊಟ್ಟನ್ನು ರಾಶಿಯ ನಂತರ ಹಣ ತೀರಿಸುವ ಷರತ್ತಿನ ಮೇಲೆ ಕೊಡಬಹುದು. ಒಂದು ಎಕರೆಗೆ ಒಂದು ಸಲದ ಜೀವಾಮೃತಕ್ಕೆ ಬೇಕಾದುದು 200 ಲೀಟರ್ ನೀರು, 10 ಕೆ.ಜಿ. ಸಗಣಿ, 10 ಲೀಟರ್ ಗೋಮೂತ್ರ, ತಲಾ 2 ಕೆ.ಜಿ. ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಇದರಲ್ಲಿ ಪೇಟೆಯಿಂದ ಹೋಗಬೇಕಾದ ಸಾಮಗ್ರಿ ಎಷ್ಟು ಅಲ್ಪವೆಂದು ನೀವೇ ನೋಡಿ. ಪುಕ್ಕಟೆಯಾಗಿ ಬಂದುದಕ್ಕೆ ಯಾರೂ ಲೆಕ್ಕ ಇಡುವುದಿಲ್ಲ, ತೀರಿಸಬೇಕಾದುದಕ್ಕೆ ಇಡುತ್ತಾರೆ. 1905ರಲ್ಲಿ ನಮ್ಮ ಕಣಗಿನಹಾಳದಲ್ಲಿಯೇ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘವೂ ರೈತನಿಗೆ ಕೊಟ್ಟದ್ದು ದಾನವನ್ನಲ್ಲ, ಪತ್ತನ್ನು.

ಮಾರಾಟದ ಹೊತ್ತಿಗೆ ಹೆಸರಿನ ಪ್ರಶ್ನೆ ಬರುತ್ತದೆ. ಇದರಲ್ಲಿ ಸದಸ್ಯ ಬಂಧುಗಳು ಎಚ್ಚರ ವಹಿಸಬೇಕು. 2017ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ರೂಪಿಸಿದ ನಿಯಮಾವಳಿಯ ಪ್ರಕಾರ ‘ಸಾವಯವ’ ಎಂದು ಮಾರುವ ಪದಾರ್ಥಕ್ಕೆ ಪ್ರಮಾಣೀಕರಣ ಅಗತ್ಯ. ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದ ಸಣ್ಣ ಉತ್ಪಾದಕ ತಾನೇ ನೇರವಾಗಿ ಬಳಕೆದಾರನಿಗೆ ಮಾರಿದರೆ ವಿನಾಯಿತಿ ಉಂಟು. ಆದರೂ ‘ಜೈವಿಕ್ ಭಾರತ್’ ಲಾಂಛನ ಹಾಕುವಂತಿಲ್ಲ. ಅದೇ ಕಡಲೆಯನ್ನು ಕಿರಾಣಿ ಅಂಗಡಿಯವರು ಕೊಂಡು ‘ಸಾವಯವ’ ಎಂಬ ಚೀಟಿ ಅಂಟಿಸಿ ಮಾರಿದರೆ ಈ ವಿನಾಯಿತಿ ಅವರನ್ನು ಕಾಯುವುದಿಲ್ಲ. ಪ್ರಮಾಣಪತ್ರಕ್ಕೆ ದುಬಾರಿಯಲ್ಲದ ದಾರಿಯೂ ಇದೆ. ಪಿ.ಜಿ.ಎಸ್.-ಇಂಡಿಯಾ ವ್ಯವಸ್ಥೆಯಲ್ಲಿ ಕನಿಷ್ಠ ಐವರು ರೈತರ ಗುಂಪು ಪರಸ್ಪರರ ಹೊಲ ಪರಿಶೀಲಿಸಿ ದೃಢೀಕರಿಸುತ್ತದೆ. ಕಾಲೇಜಿನ ನೆರೆಹೊರೆಯ ರೈತರು ಇಂತಹ ಗುಂಪು ಕಟ್ಟಿಕೊಂಡರೆ ಅದರ ದಾಖಲೆಗಳನ್ನು ಬರೆದಿಡುವ ಹೊಣೆಯನ್ನು ವಿದ್ಯಾರ್ಥಿಗಳು ಹೊರಬಲ್ಲರು. ರೈತನಿಗೆ ಅತ್ಯಂತ ಬೇಸರದ ಕೆಲಸ ಅದೇ.

ನಮ್ಮಲ್ಲಿ ರಸಗೊಬ್ಬರ, ಕೀಟನಾಶಕದ ವ್ಯಾಪಾರಿಗಳೂ ಇದ್ದಾರೆ. ಸಾವಯವವೆಂದರೆ ಇಳುವರಿ ಕುಸಿತವೆಂಬುದು ಅವರ ವಾದ. ಆರಂಭದ ವರ್ಷಗಳ ಮಟ್ಟಿಗೆ ಆ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಅದಕ್ಕಾಗಿಯೇ ಅರ್ಧ ಎಕರೆ ಸಾವಯವ, ಪಕ್ಕದ ಅರ್ಧ ಎಕರೆ ರೂಢಿಯ ಪದ್ಧತಿ ಎಂದು ಬೇರ್ಪಡಿಸಿ, ನಡುವೆ ಅಗಲವಾದ ಬದು ಬಿಟ್ಟು, ಎರಡರ ಖರ್ಚು-ಆದಾಯವನ್ನೂ ಬಹಿರಂಗವಾಗಿ ಬರೆಯಲಿ. ಫಲಿತಾಂಶ ಯಾವ ಕಡೆಗೆ ವಾಲಿದರೂ ಈ ಪತ್ರಿಕೆಯಲ್ಲಿ ಅಚ್ಚಾಗಲಿ.

ಹಿಂಗಾರಿ ಬಿತ್ತನೆಗೆ ಮೊದಲು ನಾಲ್ಕೂ ಊರುಗಳಲ್ಲಿ ತಲಾ ಒಂದು ಕಾಲೇಜನ್ನು ಗೊತ್ತುಪಡಿಸಿ, ಪ್ರತಿಯೊಂದಕ್ಕೂ ಒಬ್ಬ ಖರೀದಿದಾರ ಸದಸ್ಯರು ಲಿಖಿತ ಒಪ್ಪಂದ ಮಾಡಿಕೊಳ್ಳಬೇಕೆಂಬುದು ನನ್ನ ಸೂಚನೆ. ರಾಶಿಯ ದಿನದ ಗದಗ ಮಾರುಕಟ್ಟೆಯ ಧಾರಣೆಯೇ ಮೂಲ ಬೆಲೆಯಾಗಲಿ. ಅದರ ಮೇಲೆ ಎಷ್ಟು ಹೆಚ್ಚು ಕೊಡುವುದೆಂಬುದನ್ನು ಬಿತ್ತುವಾಗಲೇ ಬರೆದುಕೊಳ್ಳಲಿ. ವಾರ್ಷಿಕ ಬೆಳೆಗಳ ಭೂಮಿಗೆ ಎರಡು ವರ್ಷದ ಪರಿವರ್ತನಾ ಅವಧಿ ಇರುವುದರಿಂದ ಮೊದಲ ಎರಡು ರಾಶಿಗಳ ಚೀಲದ ಮೇಲೆ ‘ಸಾವಯವ’ ಎಂದು ಬರೆಯದೆ, ಕಾಲೇಜಿನ ಹೆಸರು, ತೂಕ, ರಾಶಿಯ ದಿನಾಂಕ ಇಷ್ಟನ್ನೇ ಬರೆಯತಕ್ಕದ್ದು.