ದೇವದೂತನೂ ಬಾಗಿಲು ತಟ್ಟಿ ಬರಲಿ

ಕಳೆದ ವರ್ಷ ನಮ್ಮ ವಿಭಾಗದ ಸಂಶೋಧಕರ ಗೋಷ್ಠಿಯಲ್ಲಿ, ಮುಂದಿನ ಸಲ ನಾನು ಯಾವ ವಿಷಯ ಮಂಡಿಸುತ್ತೇನೆ ಎಂದು ಕೇಳಿದರು. ದೇವದೂತರು ನಾಯಕರಾಗಿರುವ ಪ್ರೇಮ ಕಾದಂಬರಿಗಳ ಬಗ್ಗೆ ಎಂದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರೊಬ್ಬರು, "ರೆಕ್ಕೆ ಇರೋ ಹೀರೋನಾ? ಪೆಟ್ರೋಲ್ ಖರ್ಚಾದ್ರೂ ಉಳಿಯುತ್ತೆ ಬಿಡಮ್ಮ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಈ ಬರಹಕ್ಕೆ ಕಾರಣ ಅವರ ಮಾತಲ್ಲ, ನನ್ನ ನಗು. ಆ ಹೊತ್ತಿಗೆ ನನ್ನ ಲ್ಯಾಪ್‌ಟಾಪಿನಲ್ಲಿ ಕನ್ನಡದಲ್ಲಿ ಬರೆದ ಅಂಥದೇ ಒಂದು ಕಾದಂಬರಿಯ ಹನ್ನೊಂದು ಅಧ್ಯಾಯಗಳಿದ್ದವು. 'ಪಿಎಚ್‌ಡಿ ಡ್ರಾಫ್ಟ್ 3' ಎಂಬ ಸುಳ್ಳು ಹೆಸರಿನ ಫೋಲ್ಡರಿನಲ್ಲಿ.

ಈ ಪ್ರಕಾರದ ಪರಿಚಯ ಇಲ್ಲದವರಿಗೆ ಎರಡು ಮಾತು. 'ನ್ಯೂ ಅಡಲ್ಟ್' ಎಂಬ ಹೆಸರು ಚಾಲ್ತಿಗೆ ಬಂದದ್ದು 2009ರಲ್ಲಿ, ಅಮೆರಿಕದ ಸೇಂಟ್ ಮಾರ್ಟಿನ್ಸ್ ಪ್ರೆಸ್ ಹದಿನೆಂಟು ದಾಟಿದ ಓದುಗರಿಗಾಗಿ ಹಸ್ತಪ್ರತಿಗಳನ್ನು ಕೇಳಿದಾಗ. ಶಾಲೆ ಮುಗಿದಿದೆ, ಸಂಸಾರ ಶುರುವಾಗಿಲ್ಲ, ಕೈಯಲ್ಲಿ ಕೆಲಸವಿಲ್ಲ, ಮೈಯಲ್ಲಿ ಬಯಕೆಯಿದೆ. ಆ ನಡುಗಾಲದ ಕತೆಗಳು ಇವು. ಅದೇ 2009ರಲ್ಲಿ ಬೆಕ್ಕಾ ಫಿಟ್ಜ್‌ಪ್ಯಾಟ್ರಿಕ್ ಅವರ 'ಹಶ್, ಹಶ್', ಲಾರೆನ್ ಕೇಟ್ ಅವರ 'ಫಾಲನ್', ನಳಿನಿ ಸಿಂಗ್ ಅವರ 'ಏಂಜಲ್ಸ್ ಬ್ಲಡ್' ಮೂರೂ ಬಂದವು. ಮೊದಲೆರಡು ಹೈಸ್ಕೂಲು ವಯಸ್ಸಿನವರಿಗೆ ಬರೆದವು, ಮೂರನೆಯದು ದೊಡ್ಡವರಿಗೆ. ಮೊದಲೆರಡನ್ನು ಓದಿದ ಹುಡುಗಿಯರು ಬೆಳೆದು ಮೂರನೆಯದರ ಕಡೆಗೆ ನಡೆದ ದಾರಿಯಲ್ಲೇ ಈ 'ಹೊಸ ವಯಸ್ಕ' ಓದುಗರು ಸಿಗುತ್ತಾರೆ. ನಾನೂ ಆ ದಾರಿಯಲ್ಲಿ ನಡೆದವಳೇ. ಹಳೆ ಪುಸ್ತಕದ ಅಂಗಡಿಯಲ್ಲಿ ಕೊಂಡ, ಮುಖಪುಟ ಹರಿದ ಪ್ರತಿಯನ್ನು ನೋಟ್‌ಬುಕ್ಕಿನೊಳಗಿಟ್ಟು ಓದಿದವಳು.

ನಕ್ಕವರ ಮೊದಲ ವಾದ, ಇದು ನಿನ್ನೆ ಮೊನ್ನೆಯ ಮಾರುಕಟ್ಟೆ ಸರಕು ಎಂಬುದು. ಇದು ತಪ್ಪು. ಬೈಬಲಿನ ಆದಿಕಾಂಡದ ಆರನೇ ಅಧ್ಯಾಯದ ಮೊದಲ ನಾಲ್ಕು ವಚನಗಳಲ್ಲೇ ದೇವಪುತ್ರರು ಮನುಷ್ಯರ ಹೆಣ್ಣುಮಕ್ಕಳ ಚೆಲುವನ್ನು ಕಂಡು ಅವರನ್ನು ಮದುವೆಯಾಗುವ ಪ್ರಸ್ತಾಪವಿದೆ. ಇಥಿಯೋಪಿಯಾದ ಚರ್ಚು ಇಂದಿಗೂ ಪವಿತ್ರವೆಂದು ಓದುವ ಹನೋಕನ ಗ್ರಂಥ ಆ ನಾಲ್ಕು ಸಾಲನ್ನು ದೊಡ್ಡ ಕತೆಯಾಗಿ ಬೆಳೆಸುತ್ತದೆ. ಇನ್ನೂರು ದೇವದೂತರು ಹೆರ್ಮೋನ್ ಬೆಟ್ಟದ ಮೇಲೆ ಇಳಿಯುತ್ತಾರೆ, ಹಿಂದೆ ಸರಿಯುವುದಿಲ್ಲವೆಂದು ಪರಸ್ಪರ ಆಣೆ ಇಡುತ್ತಾರೆ, ತಮ್ಮ ಹೆಂಡಿರಿಗೆ ಬೇರುನಾರಿನ ವಿದ್ಯೆ ಕಲಿಸುತ್ತಾರೆ. ಅವರಲ್ಲೊಬ್ಬ ಮನುಷ್ಯರಿಗೆ ಕತ್ತಿ ಮಾಡುವುದನ್ನೂ ಕಣ್ಣಿಗೆ ಕಪ್ಪು ಹಚ್ಚುವುದನ್ನೂ ಒಟ್ಟಿಗೇ ಹೇಳಿಕೊಡುತ್ತಾನೆ. ಮಿಲ್ಟನ್‌ನ 'ಪ್ಯಾರಡೈಸ್ ಲಾಸ್ಟ್' ಕಾವ್ಯದ ಎಂಟನೇ ಭಾಗದಲ್ಲಿ ಆದಾಮ, ಸ್ವರ್ಗದಲ್ಲಿ ನೀವು ಹೇಗೆ ಪ್ರೀತಿಸುತ್ತೀರಿ ಎಂದು ಕೇಳಿದಾಗ ದೇವದೂತ ರಾಫೆಲ್‌ನ ಮುಖ ಕೆಂಪಾಗುತ್ತದೆ. 1823ರ ಆಸುಪಾಸಿನಲ್ಲಿ ಬೈರನ್ ಮತ್ತು ಥಾಮಸ್ ಮೂರ್ ಇಬ್ಬರೂ ದೇವದೂತರ ಪ್ರೇಮದ ಮೇಲೆ ಕಾವ್ಯ ಪ್ರಕಟಿಸಿದರು. ಮಿಲ್ಟನ್, ಬೈರನ್ ಬರೆದರೆ ಎಂ.ಎ. ಪಠ್ಯ, ಅದನ್ನೇ ಒಬ್ಬ ಹೆಣ್ಣುಮಗಳು ಹೆಣ್ಣುಮಕ್ಕಳಿಗಾಗಿ ಬರೆದರೆ ಪೆಟ್ರೋಲ್ ಜೋಕು.

ಕನ್ನಡದ ವಿಮರ್ಶೆಗೆ ಈ ರೋಗ ಹೊಸದಲ್ಲ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ. ಅವರನ್ನೂ ಅವರ ಜೊತೆಯ ಲೇಖಕಿಯರನ್ನೂ ಅಡುಗೆಮನೆ ಸಾಹಿತ್ಯ ಎಂದು ಬದಿಗೆ ಸರಿಸಿದ ವಿಮರ್ಶೆಯ ಶಿಷ್ಯರೇ ಈಗ 'ಶರಪಂಜರ'ದ ಮನೋವಿಜ್ಞಾನದ ಬಗ್ಗೆ ಗಂಭೀರವಾಗಿ ಪ್ರಬಂಧ ಬರೆಸುತ್ತಾರೆ. ನಾವು ಹೆಣ್ಣುಮಕ್ಕಳ ಓದನ್ನು ಗೌರವಿಸುವುದು ಅದು ಹಳತಾದ ಮೇಲೆ.

ಇನ್ನೊಂದು ಮಾತು. ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲಿ ಹಾವು ಗಂಡನ ರೂಪ ತಾಳಿ ರಾಣಿಯ ಕೋಣೆಗೆ ರಾತ್ರಿ ರಾತ್ರಿ ಬರುತ್ತದೆ. ಮನುಷ್ಯಳಲ್ಲದ ಜೀವಿಯೊಂದಿಗೆ ಮನುಷ್ಯಳ ಪ್ರೇಮ, ಅದ್ಭುತ, ಕಾಮ, ಭಯ ಎಲ್ಲವೂ ಅದರಲ್ಲಿವೆ. ಅದರ ಮೇಲೆ ಎಷ್ಟು ಸೆಮಿನಾರುಗಳಾದವೋ ಲೆಕ್ಕವಿಲ್ಲ, ಆಗಬೇಕಾದದ್ದೇ. ಹಾವು ಬಚ್ಚಲಿನ ತೂಬಿನಿಂದ ಬಂದರೆ ಜಾನಪದ, ದೇವದೂತ ಕಿಟಕಿಯಿಂದ ಬಂದರೆ ಟೈಂಪಾಸ್ ಎಂಬ ಈ ಭೇದಕ್ಕೆ ಸಾಹಿತ್ಯಕ ಕಾರಣ ಏನೆಂದು ನನಗೆ ಯಾರಾದರೂ ಹೇಳಲಿ.

ಇಷ್ಟು ಹೇಳಿದ ಮೇಲೆ ನನ್ನ ಪಕ್ಷದವರು ಚಪ್ಪಾಳೆ ತಟ್ಟುವ ಮೊದಲೇ ನಾನು ಅವರ ಕಡೆಗೂ ತಿರುಗಬೇಕು. ಈ ಕಾದಂಬರಿಗಳಲ್ಲಿ ನಿಜವಾಗಿ ಕೆಟ್ಟದ್ದು ಒಂದಿದೆ. ಅದನ್ನು "ಇದು ಬರೀ ಫ್ಯಾಂಟಸಿ ಕಣೇ" ಎಂದು ತಳ್ಳಿಹಾಕಲು ಆಗುವುದಿಲ್ಲ.

ಹನೋಕನ ಗ್ರಂಥದಲ್ಲಿ ಆ ಇನ್ನೂರು ಮಂದಿಗೆ ಇರುವ ಹೆಸರು 'ಕಾವಲುಗಾರರು'. ನಿದ್ದೆ ಮಾಡದೆ ನೋಡುತ್ತಿರುವವರು. 2009ರ ನಾಯಕರು ಅವರ ಮೊಮ್ಮಕ್ಕಳು. 'ಹಶ್, ಹಶ್'ನ ಪ್ಯಾಚ್ ಬಯಾಲಜಿ ತರಗತಿಯಲ್ಲಿ ನೋರಾಳ ಪಕ್ಕ ಕೂರುತ್ತಾನೆ. ಅವಳು ಹೇಳದ ಸಂಗತಿಗಳೆಲ್ಲ ಅವನಿಗೆ ಗೊತ್ತು. ಅವನು ಮೊದಲು ಬಂದದ್ದೇ ಅವಳನ್ನು ಕೊಲ್ಲುವ ಲೆಕ್ಕಾಚಾರದಲ್ಲಿ. ಅವಳಿಗೆ ಅವನನ್ನು ಕಂಡರೆ ಭಯ, ಆ ಭಯವನ್ನೇ ಪುಸ್ತಕ ಪ್ರೇಮದ ಲಕ್ಷಣ ಎಂದು ಓದಿಸುತ್ತದೆ. 'ಫಾಲನ್'ನಲ್ಲಿ ಲೂಸ್ ಮತ್ತೆ ಮತ್ತೆ ಹುಟ್ಟಿ, ಹದಿನೇಳಕ್ಕೆ ಮತ್ತೆ ಮತ್ತೆ ಸಾಯುತ್ತಾಳೆ. ಡೇನಿಯಲ್‌ನಿಗೆ ಅವಳ ಹಿಂದಿನ ಎಲ್ಲ ಜನ್ಮಗಳೂ ನೆನಪಿವೆ, ಅವಳಿಗೆ ಒಂದೂ ಇಲ್ಲ. ಒಬ್ಬರಿಗೆ ಎಲ್ಲವೂ ಗೊತ್ತಿದ್ದು ಇನ್ನೊಬ್ಬರಿಗೆ ಏನೂ ಗೊತ್ತಿಲ್ಲದ ಸಂಬಂಧವನ್ನು ನಾವು ಬೇರೆ ಎಲ್ಲಾದರೂ ಕಂಡರೆ ಪ್ರೀತಿ ಎನ್ನುತ್ತೇವೆಯೇ? 'ಏಂಜಲ್ಸ್ ಬ್ಲಡ್'ನ ರಾಫೆಲ್‌ಗೂ ಇನ್ನೊಬ್ಬರ ಮನಸ್ಸಿನೊಳಕ್ಕೆ ನುಗ್ಗುವ ಶಕ್ತಿಯಿದೆ. ಆದರೆ ಅಲ್ಲಿ ಎಲೆನಾ ಜಗಳಕ್ಕೆ ನಿಲ್ಲುತ್ತಾಳೆ, ಅದು ಅನ್ಯಾಯವೆಂದು ಪುಸ್ತಕಕ್ಕೂ ಗೊತ್ತಿದೆ. ಆ ಒಂದು ಕಾರಣಕ್ಕೆ ಮೂರರಲ್ಲಿ ನಾನು ಮತ್ತೆ ಓದುವುದು ಅದನ್ನೇ.

ಇದು ನನಗೆ ಪುಸ್ತಕದ ಪ್ರಶ್ನೆ ಮಾತ್ರವಲ್ಲ. ನಾನು ಒಂಬತ್ತು ವರ್ಷಗಳಿಂದ ಹಾಸ್ಟೆಲುಗಳಲ್ಲಿದ್ದೇನೆ. ಸಂಜೆ ಏಳಕ್ಕೆ ಗೇಟು. ಪುಸ್ತಕದಲ್ಲಿ ಸಹಿ, ಹೋದದ್ದೆಲ್ಲಿ, ಬಂದದ್ದೆಷ್ಟು ಹೊತ್ತಿಗೆ. ಗೇಟಿನ ಮೇಲೆ ಕ್ಯಾಮೆರಾ. ಊರಿಗೆ ಹೋದರೆ ಬಸ್‌ಸ್ಟ್ಯಾಂಡಿನಿಂದ ಮನೆ ತಲುಪುವ ಮೊದಲೇ ನಾನು ಯಾರ ಜೊತೆ ಮಾತಾಡಿದೆ ಎಂಬ ಸುದ್ದಿ ತಲುಪಿರುತ್ತದೆ. ಎಲ್ಲವೂ ನನ್ನ ಒಳ್ಳೆಯದಕ್ಕೇ. ಎಲ್ಲರೂ ನನ್ನ ಕಾವಲು ದೇವದೂತರೇ. ಹೀಗಿರುವಾಗ ರಾತ್ರಿ ಹೊದಿಕೆಯೊಳಗೆ ಮೊಬೈಲಿನಲ್ಲಿ ತೆರೆದ ಕಾದಂಬರಿಯಲ್ಲೂ, ನಾನು ಮಲಗಿದ್ದಾಗ ನನ್ನನ್ನು ನೋಡುತ್ತ ನಿಂತ ಒಬ್ಬ ಗಂಡಸೇ ಬರಬೇಕೇ? ವಾರ್ಡನ್‌ಗೆ ರೆಕ್ಕೆ ಹಚ್ಚಿ, ಗಲ್ಲವನ್ನು ಚೂಪು ಮಾಡಿ, ಇವನೇ ನಿನ್ನ ಬಿಡುಗಡೆ ಎಂದರೆ ನಾನು ಹೇಗೆ ನಂಬಲಿ?

ಸುಳ್ಳು ಹೇಳಬಾರದು, ನಾನು ನಂಬಿದ್ದೆ. ನನ್ನ ಹಸ್ತಪ್ರತಿಯ ಮೊದಲ ಕರಡಿನಲ್ಲಿ ನಾಯಕ ಮಾಡುತ್ತಿದ್ದದ್ದೂ ಅದನ್ನೇ. ನನ್ನನ್ನು ಎಚ್ಚರಿಸಿದ್ದು ಯಾವ ಸಿದ್ಧಾಂತವೂ ಅಲ್ಲ, ಕನ್ನಡದ ವ್ಯಾಕರಣ. ನಾಲ್ಕನೇ ಅಧ್ಯಾಯದಲ್ಲಿ ಅವರಿಬ್ಬರೂ ಮೊದಲ ಸಲ ಮಾತಾಡಬೇಕಿತ್ತು. ಇಂಗ್ಲಿಷಿನಲ್ಲಿ 'ಯೂ' ಎಂದರೆ ಮುಗಿಯಿತು. ಕನ್ನಡದಲ್ಲಿ ಅವನು 'ನೀನು' ಅನ್ನುತ್ತಾನೋ 'ನೀವು' ಅನ್ನುತ್ತಾನೋ? ನನ್ನ ಕೈ ತಾನೇ ತಾನಾಗಿ ಅವನ ಬಾಯಿಗೆ 'ನೀನು', ಅವಳ ಬಾಯಿಗೆ 'ನೀವು' ಹಾಕಿತ್ತು. ಓದಿ ನೋಡಿದರೆ ಅದು ಪ್ರೇಮಿಗಳ ಮಾತಲ್ಲ, ಗೈಡು ಮತ್ತು ಸ್ಕಾಲರಿನ ಮಾತು. ಇಂಗ್ಲಿಷ್ ಮುಚ್ಚಿಡುವ ಅಧಿಕಾರದ ಅಂತರವನ್ನು ನಮ್ಮ ಭಾಷೆ ಪ್ರತಿ ವಾಕ್ಯದಲ್ಲೂ ಹೊರಹಾಕುತ್ತದೆ. ಆದ್ದರಿಂದಲೇ ಈ ಪ್ರಕಾರವನ್ನು ಕನ್ನಡದಲ್ಲಿ ಬರೆಯಬೇಕು ಎನ್ನುವುದು ನನ್ನ ವಾದ. ಅನುವಾದಿಸುವುದಲ್ಲ, ಬರೆಯುವುದು. ಅವನು 'ನೀವು' ಎಂದು ಶುರುಮಾಡಲಿ, 'ನೀನು' ಅನ್ನಲು ಅವಳ ಒಪ್ಪಿಗೆ ಕೇಳಲಿ. ಈಗ ನನ್ನ ಕಾದಂಬರಿಯಲ್ಲಿ ಆ ಒಪ್ಪಿಗೆ ಸಿಗುವುದು ಒಂಬತ್ತನೇ ಅಧ್ಯಾಯದಲ್ಲಿ. ಅದಕ್ಕಿಂತ ಪ್ರಣಯದ ಸನ್ನಿವೇಶ ಇಡೀ ಪುಸ್ತಕದಲ್ಲಿ ಇಲ್ಲ.

ಒಪ್ಪಿಗೆಯ ಮಾತನ್ನು ಪಶ್ಚಿಮದಿಂದ ಕಲಿತದ್ದು ಎಂದು ಮೂಗು ಮುರಿಯುವವರು ಶತಪಥ ಬ್ರಾಹ್ಮಣದ ಊರ್ವಶಿಯನ್ನು ನೋಡಬಹುದು. ಪುರೂರವನ ಜೊತೆ ಬಾಳಲು ಒಪ್ಪುವ ಮೊದಲು ಆ ಅಪ್ಸರೆ ಕರಾರು ಹಾಕುತ್ತಾಳೆ, ನನಗೆ ಇಷ್ಟವಿಲ್ಲದಾಗ ನನ್ನ ಬಳಿ ಬರಕೂಡದು ಎನ್ನುವುದು ಅದರಲ್ಲೊಂದು. ಋಗ್ವೇದದ ಹತ್ತನೇ ಮಂಡಲದ ಸಂವಾದ ಸೂಕ್ತದಲ್ಲಿ ಅವನು ಗೋಗರೆದರೂ ಅವಳು ಹಿಂತಿರುಗುವುದಿಲ್ಲ. ಅಷ್ಟು ಹಳೆಯ ಕತೆಯಲ್ಲಿ ಬೇಡ ಎಂದರೆ ಬೇಡವೇ. ನಮ್ಮ ಗಂಧರ್ವ, ಯಕ್ಷ, ಕಿನ್ನರರನ್ನೇ ಬರೆಯಬಾರದೇಕೆ, ದೇವದೂತ ಯಾಕೆ ಎಂದು ಗೆಳೆಯರು ಕೇಳುತ್ತಾರೆ. ಬರೆಯಿರಿ, ನಾನು ಓದುತ್ತೇನೆ. ನನಗೆ ದೇವದೂತ ಬೇಕಾದದ್ದು ಅವನ ಕೆಲಸದ ಕಾರಣಕ್ಕೆ. ಹೀಬ್ರೂವಿನಲ್ಲೂ ಗ್ರೀಕಿನಲ್ಲೂ ಆ ಪದದ ಅರ್ಥ ಬರೀ ದೂತ, ಸುದ್ದಿ ಒಯ್ಯುವವನು. ಗಂಧರ್ವನಿಗೆ ಸ್ವಂತ ಸುಖವಿದೆ. ದೂತನಿಗೆ ಸ್ವಂತ ಮಾತೇ ಇಲ್ಲ, ಯಾರದೋ ಮಾತು ತಲುಪಿಸುವುದಷ್ಟೇ ಅವನ ಬದುಕು. ಅಂಥವನು ಮೊದಲ ಸಲ ತನ್ನ ಸ್ವಂತ ವಾಕ್ಯ ಹೇಳುವುದೇ ಪ್ರೇಮ. ಮನೆಯವರು ಬರೆದುಕೊಟ್ಟದ್ದನ್ನೇ ಒಪ್ಪಿಸುತ್ತ ಇಪ್ಪತ್ತೆರಡು ದಾಟಿದ ಹುಡುಗ ಹುಡುಗಿಯರಿಗೆ ಈ ಕಷ್ಟ ಅರ್ಥವಾಗುತ್ತದೆ.

ಹಾಗಾದರೆ ಬೆಲೆ ಯಾರು ತೆರಬೇಕು? ವಿಮ್ ವೆಂಡರ್ಸ್‌ನ 1987ರ 'ವಿಂಗ್ಸ್ ಆಫ್ ಡಿಸೈರ್' ಸಿನಿಮಾದಲ್ಲಿ ಬರ್ಲಿನ್ನಿನ ದೇವದೂತ ಡೇಮಿಯಲ್ ಸರ್ಕಸ್ಸಿನ ಹುಡುಗಿಗಾಗಿ ಅಮರತ್ವ ಬಿಡುತ್ತಾನೆ. ಮನುಷ್ಯನಾದಾಗ ತಲೆಯಿಂದ ರಕ್ತ ಬರುತ್ತದೆ, ಅದರ ಕೆಂಪು ನೋಡಿ ಖುಷಿಪಡುತ್ತಾನೆ, ಬಿಸಿ ಕಾಫಿ ಕುಡಿಯುತ್ತಾನೆ. ಅವಳು ಬದುಕುತ್ತಾಳೆ, ಮಾತಾಡುತ್ತಾಳೆ, ಅವನು ಕೇಳುತ್ತಾನೆ. ಹಾಲಿವುಡ್ 1998ರಲ್ಲಿ ಇದನ್ನೇ 'ಸಿಟಿ ಆಫ್ ಏಂಜಲ್ಸ್' ಮಾಡಿತು. ಅಲ್ಲಿ ದೇವದೂತ ಮನುಷ್ಯನಾಗುತ್ತಾನೆ, ನಾಯಕಿ ಸೈಕಲ್ ಮೇಲೆ ಹೋಗುವಾಗ ಅಪಘಾತದಲ್ಲಿ ಸಾಯುತ್ತಾಳೆ. ಅವನಿಗೆ ಜೀವನಾನುಭವ, ಅವಳಿಗೆ ಸಾವು. ಒಂದೇ ಕತೆಯನ್ನು ಹೇಗೆ ಬರೆಯಬೇಕು, ಹೇಗೆ ಬರೆಯಬಾರದು ಎನ್ನುವುದಕ್ಕೆ ಇವೆರಡನ್ನೂ ಒಂದೇ ರಾತ್ರಿ ನೋಡಿದರೆ ಸಾಕು.

ಬರೆಯಲು ಭಾಷೆ ಎಲ್ಲಿದೆ ಎಂಬ ಕೊರಗನ್ನೂ ಕೇಳಿದ್ದೇನೆ. ಕನ್ನಡದಲ್ಲಿ ಬಯಕೆಯ ಮಾತು ಒಂದೋ ಸಂಸ್ಕೃತದ ಅಲಂಕಾರ, ಇಲ್ಲವೇ ಬೀದಿಯ ಬೈಗುಳ ಎಂದು. ಹನ್ನೆರಡನೇ ಶತಮಾನದಲ್ಲಿ ಅಕ್ಕ ಮರಣವಿಲ್ಲದವನನ್ನೇ ತನ್ನ ಗಂಡನೆಂದು ಆರಿಸಿಕೊಂಡು, ಮೈಯ ಸಂಕಟವನ್ನು ನೇರ ಕನ್ನಡದಲ್ಲಿ ಹೇಳಿದಳು. ಅವಳ ಭಕ್ತಿಯನ್ನು ನಾನು ಪ್ರೇಮ ಕಾದಂಬರಿಗೆ ಇಳಿಸುತ್ತಿಲ್ಲ. ಮನುಷ್ಯಳೊಬ್ಬಳು ಅಮರನೊಬ್ಬನನ್ನು ಬಯಸುವ ಮಾತು ಈ ಭಾಷೆಗೆ ಹೊಸತಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಕನ್ನಡದಲ್ಲಿ 'ಕಾಯು' ಎಂಬ ಒಂದೇ ಪದಕ್ಕೆ ಕಾವಲಿರುವುದು ಎಂದೂ ಅರ್ಥ, ದಾರಿ ನೋಡುವುದು ಎಂದೂ ಅರ್ಥ, ಬಿಸಿಯಾಗುವುದು ಎಂದೂ ಅರ್ಥ. ದನ ಕಾಯುತ್ತೇವೆ, ಬಸ್ಸು ಕಾಯುತ್ತೇವೆ, ಹಂಚೂ ಕಾಯುತ್ತದೆ. ಇಂಗ್ಲಿಷಿನಿಂದ ನಮಗೆ ಬಂದ ದೇವದೂತ ಮೊದಲನೇ ಅರ್ಥದಲ್ಲಿ ಕಾಯುವವನು. ನಾನು ಬರೆಯಬೇಕೆಂದಿರುವವನು ಎರಡನೆಯ ಮತ್ತು ಮೂರನೆಯ ಅರ್ಥದಲ್ಲಿ ಕಾಯುವವನು.

ನಮ್ಮ ಹಾಸ್ಟೆಲಿನ ಕಿರಿಯಳೊಬ್ಬಳು, ದಿನಕ್ಕೊಂದು ಇಂಗ್ಲಿಷ್ ರೊಮ್ಯಾನ್ಸ್ ಮುಗಿಸುವವಳು, ಪಿಯುಸಿ ನಂತರ ಕನ್ನಡ ಪುಸ್ತಕ ಮುಟ್ಟಿದವಳಲ್ಲ. ಓದುವ ಅಭ್ಯಾಸ ಅವಳಿಗೆ ಇಲ್ಲವೆಂದಲ್ಲ, ಇಪ್ಪತ್ತರ ಅವಳಿಗಾಗಿ ಕನ್ನಡದಲ್ಲಿ ಬರೆದವರು ಕಡಿಮೆ. ಮೊನ್ನೆ ಅವಳಿಗೆ ನನ್ನ ಹನ್ನೊಂದು ಅಧ್ಯಾಯ ಕೊಟ್ಟೆ. ಎರಡು ದಿನ ಬಿಟ್ಟು ಬಂದು, "ಅಕ್ಕಾ, ಇವನು ಐದನೇ ಅಧ್ಯಾಯದಲ್ಲಿ ಬಾಗಿಲು ತಟ್ಟದೆ ಒಳಗೆ ಬಂದಿದ್ದಾನಲ್ಲ, ಯಾಕೆ?" ಎಂದು ಕೇಳಿದಳು. ಅದು ಹಳೆಯ ಕರಡಿನಿಂದ ಉಳಿದುಕೊಂಡ ತಪ್ಪು. ತಿದ್ದಿದೆ. ಫೋಲ್ಡರಿನ ಹೆಸರನ್ನೂ ಬದಲಿಸಿದೆ.

ಮುಂದಿನ ತಿಂಗಳ ಗೋಷ್ಠಿಯಲ್ಲಿ ಅದೇ ವಿಷಯ ಮಂಡಿಸುತ್ತಿದ್ದೇನೆ. ಜೋಕು ಬರುತ್ತದೆ, ಗೊತ್ತು. ಈ ಸಲ ನಾನು ನಗುವುದಿಲ್ಲ.