ಚೊಚ್ಚಲ ಹರಕೆ: ಮಗುವಿಗೆ ಬೆಲ್ಲ, ಮರಿಗೆ ಕತ್ತಿಯೇ?



ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳಕ್ಕೆ ಹೋಗಿಬರದ ಲಿಂಗಾಯತ ಮನೆ ಘಟ್ಟದ ಮೇಲೆ ಕಡಿಮೆ. ಅಲ್ಲಿನ ತುಲಾಭಾರವನ್ನು ನೀವೆಲ್ಲ ನೋಡಿದ್ದೀರಿ. ಮಗು ಉಳಿಯಲಿ, ಬೇನೆ ವಾಸಿಯಾಗಲಿ ಎಂದು ತಾಯಿ ಹೊತ್ತ ಹರಕೆ ಅದು. ತಕ್ಕಡಿಯ ಒಂದು ತಟ್ಟೆಯಲ್ಲಿ ಮಗು; ಇನ್ನೊಂದರಲ್ಲಿ ಅಕ್ಕಿ, ಬೆಲ್ಲ, ಬಾಳೆಹಣ್ಣು ಅಥವಾ ನಾಣ್ಯ. ತೂಕ ಸರಿಹೋದ ಕೂಡಲೇ ಮಗು ತಾಯಿಯ ಮಡಿಲಿಗೆ, ಬೆಲ್ಲ ದೇವರಿಗೆ. ಮಗುವನ್ನೇ ಒಪ್ಪಿಸಿದಂತೆ ಎಂದು ಎಲ್ಲರೂ ನಂಬುತ್ತಾರೆ, ದೇವರಿಗೆ ಕಡಿಮೆಯಾಯಿತೆಂದು ಯಾರೂ ಕೊರಗುವುದಿಲ್ಲ.

ಅದೇ ಮನೆಯವರು ಊರಿಗೆ ಮರಳಿದ ಮೇಲೆ ಕೊಟ್ಟಿಗೆಯಲ್ಲಿ ಆಡು ಈದರೆ ಮೊದಲ ಗಂಡು ಮರಿಯನ್ನು "ಇದು ಅಮ್ಮನದು" ಎಂದು ಗುರುತು ಮಾಡಿ ಬಿಡುವುದನ್ನೂ ನಾನು ಕಂಡಿದ್ದೇನೆ. ಕೊರಳಲ್ಲಿ ಇಷ್ಟಲಿಂಗ ಇರುವುದರಿಂದ ತಾವು ಕತ್ತಿ ಹಿಡಿಯುವುದಿಲ್ಲ. ಜಾತ್ರೆಯ ದಿನ ಬೇರೆಯವರ ಕೈಯಿಂದ ಕೊಡಿಸುತ್ತಾರೆ. ಒಪ್ಪಿಕೊಳ್ಳಲು ನಾಚಿಕೆಯಾದರೂ ಇದು ನಮ್ಮವರ ಮನೆಗಳ ಮಾತು. ಮಗುವಿಗೆ ಬದಲಿಯಾಗಿ ಬೆಲ್ಲವನ್ನು ಒಪ್ಪುವ ದೇವರು ಮರಿಗೆ ಬದಲಿಯಾಗಿ ಏನನ್ನೂ ಒಪ್ಪುವುದಿಲ್ಲವೇ? ಈ ಸಂಚಿಕೆಯಲ್ಲಿ ನಾನು ಕೇಳಬೇಕೆಂದಿರುವ ಪ್ರಶ್ನೆ ಇಷ್ಟೇ.

ಈ ಪ್ರಶ್ನೆ ನಮ್ಮದು ಮಾತ್ರವಲ್ಲ, ಬಹಳ ಹಳೆಯದು. ಪ್ರಾಚೀನ ಇಸ್ರಾಯೇಲರ ಧರ್ಮಶಾಸ್ತ್ರದಲ್ಲಿ ಚೊಚ್ಚಲಿನ ಬಗ್ಗೆ ಖಚಿತವಾದ ವಿಧಿಗಳಿದ್ದವು. ತಾಯಿಯ ಗರ್ಭದಿಂದ ಮೊದಲು ಹೊರಬಂದ ಗಂಡು, ಮನುಷ್ಯನಾಗಲಿ ಪಶುವಾಗಲಿ, ದೇವರದು. ಈಜಿಪ್ಟಿನ ಚೊಚ್ಚಲು ಮಕ್ಕಳೆಲ್ಲ ಸತ್ತ ರಾತ್ರಿ ತಮ್ಮ ಮಕ್ಕಳು ಉಳಿದರು, ಅದರ ನೆನಪಿಗೆ ಈ ಋಣ ಎಂದು ವಿಮೋಚನಕಾಂಡ ಕಾರಣ ಕೊಡುತ್ತದೆ. ಹಸು, ಕುರಿ, ಆಡುಗಳ ಚೊಚ್ಚಲು ಗಂಡು ಏಳು ದಿನ ತಾಯಿಯ ಬಳಿ ಇರಬೇಕು. ಎಂಟನೆಯ ದಿನ ಒಪ್ಪಿಸಬೇಕು. ಚೊಚ್ಚಲು ಹೋರಿಯನ್ನು ನೇಗಿಲಿಗೆ ಕಟ್ಟುವಂತಿಲ್ಲ, ಚೊಚ್ಚಲು ಕುರಿಯ ಉಣ್ಣೆ ಕತ್ತರಿಸುವಂತಿಲ್ಲ. ಕುಂಟು, ಕುರುಡು ಇದ್ದರೆ ಅದು ಬಲಿಪೀಠಕ್ಕೆ ಸಲ್ಲದು.

ಮಾಂಸ ಯಾರಿಗೆ? ಇಲ್ಲಿ ಶಾಸ್ತ್ರಗಳೇ ಒಂದು ಮಾತಾಡುವುದಿಲ್ಲ. ಅರಣ್ಯಕಾಂಡದ ಪ್ರಕಾರ ಅದು ಯಾಜಕರ ಪಾಲು. ಧರ್ಮೋಪದೇಶಕಾಂಡದ ಪ್ರಕಾರ ಪಶುವಿನ ಒಡೆಯ ತನ್ನ ಮನೆಯವರೊಡನೆ ದೇವರ ಸನ್ನಿಧಿಯಲ್ಲಿ ಕುಳಿತು ಉಣ್ಣಬೇಕು. ಪೂಜಾರಿಯ ತಟ್ಟೆಗೋ ಮನೆಯವರ ಎಲೆಗೋ ಎಂಬ ಈ ಜಗ್ಗಾಟ ನಮಗೆ ಹೊಸದಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ದೇವರಿಗೂ ಭಕ್ತನಿಗೂ ನಡುವೆ ನಿಂತವರನ್ನು ಶರಣರು ಕೇಳಿದ್ದೂ ಇಂಥದೇ ಲೆಕ್ಕವನ್ನು.

ಆ ಶಾಸ್ತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಿಡುಗಡೆಯ ಭಾಗ. ಮನುಷ್ಯನ ಚೊಚ್ಚಲು ಮಗನನ್ನು ಕೊಲ್ಲುವಂತಿಲ್ಲ. ಐದು ಶೆಕೆಲ್ ಬೆಳ್ಳಿ ಕೊಟ್ಟು ಬಿಡಿಸಿಕೊಳ್ಳಬೇಕು. ಇನ್ನೂ ಮುಂದೆ ಹೋಗಿ, ಎಲ್ಲ ಚೊಚ್ಚಲು ಮಕ್ಕಳ ಬದಲಿಗೆ ಲೇವಿಯ ಕುಲದವರನ್ನು ದೇವರ ಸೇವೆಗೆ ತೆಗೆದುಕೊಂಡ ಲೆಕ್ಕವೊಂದು ಅರಣ್ಯಕಾಂಡದಲ್ಲಿದೆ. ಚೊಚ್ಚಲು ಗಂಡುಮಕ್ಕಳು 22,273, ಲೇವಿಯರು 22,000. ಉಳಿದ 273 ಮಂದಿಗೆ ತಲೆಗೆ ಐದರಂತೆ 1,365 ಶೆಕೆಲ್. ಶ್ಯಾನುಭೋಗರ ಕಡತದಂತೆ ಕಾಣುವ ಈ ಲೆಕ್ಕದೊಳಗೆ ದೊಡ್ಡ ಮಾತೊಂದು ಅಡಗಿದೆ: ಜೀವದ ಋಣವನ್ನು ಸೇವೆಯಿಂದ ತೀರಿಸಬಹುದು. ಕಾಯಕ ಎಂದರೆ ಏನೆಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕತ್ತೆಯ ಚೊಚ್ಚಲಿಗೂ ಬಿಡುಗಡೆ ಉಂಟು, ಆದರೆ ಅದರ ಬದಲಿಗೆ ಕುರಿಮರಿ ಕೊಡಬೇಕು. ಕತ್ತೆಗೇನೋ ಬಿಡುಗಡೆಯಾಯಿತು, ಕುರಿಮರಿಗೆ?

ಆ ಜನರೊಳಗಿಂದಲೇ ಪ್ರಶ್ನೆಯೂ ಎದ್ದಿತು. ಕ್ರಿಸ್ತಪೂರ್ವ 8ನೆಯ ಶತಮಾನದ ಪ್ರವಾದಿ ಮೀಕನ ಹೆಸರಿನ ಗ್ರಂಥದಲ್ಲಿ, ಸಾವಿರಾರು ಟಗರುಗಳಿಂದ, ಚೊಚ್ಚಲು ಮಗನಿಂದ ದೇವರು ಒಲಿಯುತ್ತಾನೆಯೇ ಎಂಬ ವಿಚಾರಣೆ ಬರುತ್ತದೆ. ಉತ್ತರವಾಗಿ ಬರುವುದು ನ್ಯಾಯ, ಕರುಣೆ ಮತ್ತು ವಿನಯ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದ ಮೇಲೆ ಬಲಿಪೀಠವೇ ಇಲ್ಲವಾಯಿತು. ಶಾಸ್ತ್ರವನ್ನು ನಂಬುವ ಯೆಹೂದಿಗಳು ಇಂದಿಗೂ ಗಬ್ಬದ ಹಸುವಿನಲ್ಲಿ ಒಂದು ಪಾಲನ್ನು ಈಯುವ ಮೊದಲೇ ಅನ್ಯಧರ್ಮೀಯನಿಗೆ ಮಾರುವ ಕ್ರಮ ಇಟ್ಟುಕೊಂಡಿದ್ದಾರೆ; ಹಾಗೆ ಮಾಡಿದರೆ ಕರುವಿಗೆ ಚೊಚ್ಚಲಿನ ಕಟ್ಟು ತಗಲುವುದಿಲ್ಲ. ಮಗನ ಬಿಡುಗಡೆಯ ವಿಧಿಯೋ, ಐದು ಬೆಳ್ಳಿ ನಾಣ್ಯಗಳೊಡನೆ ಈಗಲೂ ನಡೆಯುತ್ತದೆ. ಬಲಿ ನಿಂತು ಸುಮಾರು ಎರಡು ಸಾವಿರ ವರ್ಷವಾದರೂ ಅವರ ಧರ್ಮ ನಿಂತಿಲ್ಲ.

ಇನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಗೆ ಬರುತ್ತೇನೆ. ಸುಧಾರಣೆಯ ಮಾತಾಡುವವರು ಅಲ್ಲಿ ಕಲಿಯಬೇಕಾದ್ದು ಬಹಳ ಇದೆ. ಬಂಟ್ವಾಳದ ಪಣೋಲಿಬೈಲಿನಲ್ಲಿ ಕಲ್ಲುರ್ಟಿ ದೈವಕ್ಕೆ ಅಗೆಲು ಸೇವೆ ಹೆಸರಾದದ್ದು. ಅಗೆಲು ಎಂದರೆ ಬಾಳೆಯೆಲೆಯಲ್ಲಿ ದೈವಕ್ಕೆ ಬಡಿಸುವ ಊಟ. ತುಳುನಾಡಿನ ರೂಢಿಯಲ್ಲಿ ಅನ್ನದ ಜೊತೆ ಕೋಳಿ ಪದಾರ್ಥವೂ ಇರುತ್ತದೆ. ಆ ಮನೆತನಗಳ ನಂಬಿಕೆಗೆ ತೀರ್ಪು ಕೊಡಲು ನಾನು ಯಾರೂ ಅಲ್ಲ. ಇಕ್ಕೇರಿ, ಬಿದನೂರಿನ ನಮ್ಮ ಅರಸರು ಈ ಸೀಮೆಯ ಮೇಲೆ ಅಧಿಕಾರ ನಡೆಸಿದವರೇ. 1763ರಲ್ಲಿ ಬಿದನೂರು ಹೈದರಾಲಿಯ ವಶವಾದಾಗಲೂ ದೈವಗಳು ತಮ್ಮ ತಮ್ಮ ಸ್ಥಾನದಲ್ಲೇ ಇದ್ದವು. ಅರಸೊತ್ತಿಗೆಯಿಂದ ಆಗದ ಬದಲಾವಣೆ ನಮ್ಮ ಭಾಷಣದಿಂದ ಆದೀತೆಂದು ನಾನು ನಂಬುವುದಿಲ್ಲ.

ಆದರೆ ಅದೇ ನೆಲದಲ್ಲಿ ಬೇರೆ ದಾರಿಗಳೂ ಇವೆ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಲು ತೊಡಗಿದ ಸಾವಿರ ಕಂಬದ ಬಸದಿ ಇದೆ. ಅಹಿಂಸೆಯನ್ನು ಉಸಿರಾಗಿಸಿಕೊಂಡ ಜೈನರು ದೈವಗಳ ನಡುವೆಯೇ ಬಾಳಿದ್ದಾರೆ. ಬೂದುಗುಂಬಳ ಕಡಿದು, ಅರಿಸಿನ ಸುಣ್ಣ ಕಲಸಿದ ಕೆಂಪು ನೀರನ್ನು ಚೆಲ್ಲಿ ಬಲಿಯ ವಿಧಿ ಮುಗಿಸುವ ರೂಢಿ ಆ ಕಡೆ ಎಲ್ಲರಿಗೂ ಗೊತ್ತು. ಸೆಪ್ಟೆಂಬರ್ 8ರಂದು ಅಲ್ಲಿನ ಕೊಂಕಣಿ ಕ್ರೈಸ್ತರು ಮೊಂತಿ ಹಬ್ಬ ಮಾಡುತ್ತಾರೆ. ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಅದರ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಯ ಹಿರಿಯರು ಹಂಚುತ್ತಾರೆ. ಮೀನು ಮಾಂಸ ಉಣ್ಣುವ ಆ ಮನೆಗಳಲ್ಲಿ ಅಂದು ಬಾಳೆಯೆಲೆಯ ಮೇಲೆ ಬರೀ ತರಕಾರಿ ಊಟ. ಚೊಚ್ಚಲಿನ ಶಾಸ್ತ್ರವನ್ನು ಬೈಬಲಿನಲ್ಲಿ ಓದುವ ಜನವೇ ಮೊದಲ ಫಲವನ್ನು ಹೀಗೆ ಒಂದು ತೆನೆಯಲ್ಲಿ ಒಪ್ಪಿಸಿ ಮುಗಿಸುತ್ತದೆ. ನೆರೆಯ ತುಳುವರೂ ತೆನೆ ತಂದು ಕಟ್ಟಿ ಹೊಸ ಅಕ್ಕಿ ಊಟ ಮಾಡುತ್ತಾರೆ.

ಕಾನೂನಿನ ಮಾತು ಬೇಡವೆಂದಲ್ಲ. ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿ ತಡೆಯುವ ಕಾಯ್ದೆ ನಮ್ಮ ರಾಜ್ಯದಲ್ಲಿ 1959ರಿಂದ ಇದೆ. ಜಾತ್ರೆಯ ದಿನ ಪೊಲೀಸರು ಬಂದು ನಿಂತರೆ ಕುರಿ ಗುಡಿಯ ಮುಂದಿನಿಂದ ಹೊಲದ ಬದುವಿಗೆ ಹೋಗುತ್ತದೆ, ಅಷ್ಟೇ. ಕತ್ತಿಯನ್ನು ತಡೆಯಬಹುದು, ತಾಯಿಯ ಎದೆಯ ಭಯವನ್ನು ಕಾಯ್ದೆ ತಡೆಯಲಾರದು. "ಹರಕೆ ತಪ್ಪಿದರೆ ಮಗುವಿಗೆ ಏನಾದರೂ ಆದರೆ?" ಎಂದು ಕೇಳುವ ತಾಯಿಗೆ ನಮ್ಮ ಕಾರ್ಯಕರ್ತರು "ಅದೆಲ್ಲ ಮೂಢನಂಬಿಕೆ ಅವ್ವ" ಎಂದು ಎದ್ದು ಬರುತ್ತಾರೆ. ಆಕೆ ತಲೆಯಾಡಿಸುತ್ತಾಳೆ, ಅಮಾವಾಸ್ಯೆಯ ದಿನ ಮರಿಯನ್ನು ಕಳಿಸುತ್ತಾಳೆ. ಆಕೆಗೆ ಬೇಕಾದದ್ದು ವಾದವಲ್ಲ, ಋಣ ತೀರಿತು ಎಂಬ ಮಾತು.

ಆ ಮಾತನ್ನು ಹೇಳಬೇಕಾದವರು ಮಠದವರು. ಬಲಿಗೆಂದು ತಂದ ಕುರಿ ತನ್ನ ಸಾವನ್ನರಿಯದೆ ಹಸಿರೆಲೆಗೆ ಬಾಯಿಹಾಕುವುದನ್ನು ಬಸವಣ್ಣನವರು ಕಂಡು ಮರುಗಿದರು. ಆ ವಚನವನ್ನು ನಾವು ಪ್ರತಿ ಶ್ರಾವಣದಲ್ಲೂ ಹಾಡುತ್ತೇವೆ. ಹಾಡಿದ ಮೇಲೆ ಮರಿಯ ಹರಕೆ ಹೊತ್ತ ಮನೆಯವರನ್ನು ಜಾತ್ರೆಗೆ ಮುಂಚೆಯೇ ಮಠಕ್ಕೆ ಕರೆಯಿರಿ. ಮರಿಯನ್ನೂ ತರಲಿ. ತುಲಾಭಾರದ ತಕ್ಕಡಿಯಲ್ಲೇ ಅದನ್ನು ತೂಗಿ, ಅಷ್ಟೇ ತೂಕದ ಜೋಳವೋ ಅಕ್ಕಿಯೋ ದಾಸೋಹಕ್ಕೆ ಸಲ್ಲಲಿ. ಹರಕೆ ಹೊತ್ತ ತಾಯಿಯೇ ತನ್ನ ಕೈಯಾರೆ ಧಾನ್ಯ ಸುರಿಯಲಿ, ಆಕೆಯ ಪರವಾಗಿ ಗಂಡನೋ ಮೈದುನನೋ ಅಲ್ಲ. ಸ್ವಾಮಿಗಳು ಎಲ್ಲರ ಮುಂದೆ "ನಿನ್ನ ಹರಕೆ ಸಂದಿತು ತಾಯಿ" ಎಂದು ಹೇಳಲಿ. ಮರಿ ಮನೆಗೆ ಹೋಗಲಿ. ಅದನ್ನು ಮರುವಾರದ ಸಂತೆಯಲ್ಲಿ ಕಟುಕರಿಗೆ ಮಾರದಂತೆ ಅಲ್ಲೇ ಮಾತು ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಕತ್ತೆಯನ್ನು ಬಿಡಿಸಿ ಕುರಿಮರಿಯನ್ನು ಕೊಟ್ಟವರಿಗಿಂತ ನಾವು ಒಂದು ಹೆಜ್ಜೆಯೂ ಮುಂದೆ ಬಂದಿರುವುದಿಲ್ಲ.

ಮುಂದಿನ ಜಾತ್ರೆಗಳ ಹಂಗಾಮು ದೂರವಿಲ್ಲ. ನಿಮ್ಮ ಊರಿನ ಮಠದಲ್ಲಿ ತಕ್ಕಡಿ ಇದೆಯೇ ಎಂದು ಈ ವಾರವೇ ವಿಚಾರಿಸಿ, ನಮಗೆ ಪತ್ರ ಬರೆಯಿರಿ.